ನರ್ಸಬಾಯಿ ಹೇಳಿದ ಸೋಲು

ಹೋದ ವಾರ ಶಹಾಪುರದ ಬಟ್ಟೆ ಅಂಗಡಿಯಲ್ಲಿ ಸಣ್ಣ ಕಣ್ಣಿನ ಬಿಳಿ ನೈಲಾನ್ ಬಟ್ಟೆ ಬೆರಳಿಗೆ ತಾಗಿತು. ನಮ್ಮೂರ ನರ್ಸಬಾಯಿ ನೆನಪಾದರು.

ಆಗ ಊರಿಗೆಲ್ಲ ಒಂದೇ ಮೆಟ್ಟಿಲು ಬಾವಿ. ನೀರಿಗಿಳಿದವರ ಕಾಲಿನ ಹುಣ್ಣಿನಿಂದ ಹುಳುವಿನ ಮರಿಗಳು ನೀರು ಸೇರುತ್ತಿದ್ದವು. ಅದನ್ನೇ ಕುಡಿದವರಿಗೆ ಮರುವರ್ಷ ನಾರುಹುಣ್ಣು. ನನ್ನ ಮೀನಖಂಡದಿಂದಲೂ ದಾರದಂಥ ಹುಳು ಹೊರಬಂದಿತ್ತು. ನರ್ಸಬಾಯಿ ದಿನಾ ಬಂದು ಅದನ್ನು ಕಡ್ಡಿಗೆ ಒಂದೊಂದೇ ಸುತ್ತು ಸುತ್ತಿ ಹೋಗುತ್ತಿದ್ದರು.

"ಜಗ್ಗಬ್ಯಾಡೋ ತಮ್ಮಾ, ಹರದ್ರ ಒಳಗ ಕೀವಾಗ್ತದ."

ನೀರು ಸೋಸಲು ಅವರು ಮನೆಮನೆಗೆ ಹಂಚಿದ ಬಟ್ಟೆಯೂ ಇಂಥದೇ, ಯಾವುದೋ ಹೊರದೇಶ ಕಳಿಸಿದ್ದು. ಯಾವ ದೇಶವೋ... ಈಗ ನೆನಪಿಲ್ಲ. ಕೆಲವು ವರ್ಷಗಳಲ್ಲಿ ನಮ್ಮೂರಿನಿಂದ ಹುಣ್ಣು ಹೋಯಿತು.

ಆಮೇಲೆ ಒಂದು ದಿನ ಆಫ್ರಿಕಾದ ಡಾಕ್ಟರಮ್ಮ ಒಬ್ಬರು ಜೀಪಿನಲ್ಲಿ ಬಂದಿಳಿದರು. ಅವರ ದೇಶದಲ್ಲೂ ಇದೇ ಹುಳುವಿನ ಕಾಟ. ನಾವು ಹೇಗೆ ಗೆದ್ದೆವೆಂದು ಕಲಿಯಲು ಬಂದಿದ್ದರು. ಜೊತೆಗಿದ್ದ ಆರೋಗ್ಯ ಇಲಾಖೆಯ ಸಾಹೇಬರು ನರ್ಸಬಾಯಿಗೆ ಮೊದಲೇ ತಾಕೀತು ಮಾಡಿದ್ದರು: "ಚಲೋದಷ್ಟೇ ಹೇಳ್ರಿ. ದೇಶದ ಮರ್ಯಾದಿ ಪ್ರಶ್ನಿ ಅದ."

ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನರ್ಸಬಾಯಿ ಮಾತಾಡಿದರು. ಶಾಲೆಯ ಮಾಸ್ತರು ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು.

"ಮೊದಲನೇ ವರ್ಷ ನಾ ಸೋತೆ. ಚಾವಡಿಗೆ ಗಂಡಸರನ್ನಷ್ಟೇ ಕರದು ಹೇಳಿದೆ. ನೀರು ತರೋರು ಹೆಣ್ಮಕ್ಕಳು, ಅವರಿಗೇ ಗೊತ್ತಾಗಲಿಲ್ಲ. ಬಟ್ಟಿ ತೊಟ್ಟಿಲಿಗೆ ಹೊಚ್ಚಿದ್ರು, ಬ್ಯಾಳಿ ಕಟ್ಟಿಟ್ರು. ಸೋಸದ ನೀರು ಕುಡದು ಒಂದು ಹುಡುಗಿ ಕಾಲೇ ಸೊಟ್ಟಾತು."

"ಬಾಯಾರ, ಸಾಕು," ಎಂದರು ಸಾಹೇಬರು.

"ಸಾಹೇಬ್ರ, ಗೆದ್ದದ್ದು ಹೇಳಿದ್ರ ಚಪ್ಪಾಳಿ ಹೊಡದು ಹೋಗ್ತಾರ. ಎಡವಿದ್ದು ಹೇಳಿದ್ರ ಅವರ ಮಕ್ಕಳ ಕಾಲು ಉಳೀತಾವ."

ಮಾಸ್ತರು ಅದನ್ನೂ ಇಂಗ್ಲಿಷಿನಲ್ಲಿ ಹೇಳಿಬಿಟ್ಟರು. ಅಲ್ಲಿಯವರೆಗೆ ತಲೆಯಾಡಿಸುತ್ತಿದ್ದ ಡಾಕ್ಟರಮ್ಮ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು. ಮುಂದಿನ ತಿಂಗಳೇ ನರ್ಸಬಾಯಿಗೆ ಸುರಪುರದ ಕಡೆ ವರ್ಗವಾಯಿತು. ಅವರು ಯಾರ ಮೇಲೂ ದೂರು ಹೇಳಲಿಲ್ಲ.

ಸುರಪುರದಲ್ಲಿ ಕಾಲೇಜು ಓದುವಾಗ ಅಲ್ಲೇ ರಂಗಂಪೇಟೆಯಲ್ಲಿದ್ದ ಅವರ ಮನೆಗೆ ಹೋಗಿದ್ದೆ. ಡಾಕ್ಟರಮ್ಮನ ಇಂಗ್ಲಿಷ್ ಪತ್ರ ಬಂದಿತ್ತು. ತಡವರಿಸುತ್ತ ಓದಿ ಹೇಳಿದೆ. ಅವರ ದೇಶದಲ್ಲಿ ಮೊದಲ ದಿನವೇ ಹೆಂಗಸರನ್ನು ಕೂಡಿಸಿ ಹೇಳಿದ್ದರಂತೆ, ಹುಣ್ಣು ಕಡಿಮೆಯಾಗುತ್ತಿದೆಯಂತೆ. ಆ ಸಾಲನ್ನು ನರ್ಸಬಾಯಿ ಎರಡು ಸಲ ಓದಿಸಿದರು.

"ತಿರುಗಿ ಒಂದು ಪತ್ರ ಬರಿಯೋ ತಮ್ಮಾ. ಅವರು ಎಲ್ಲಿ ಎಡವ್ಯಾರ, ಕೇಳು. ನಮಗೂ ಬೇಕಾಗ್ತದ."

"ನಾಳಿ ಬಂದು ಬರೀತೀನ್ರಿ," ಎಂದೆ. ಪರೀಕ್ಷೆ ಬಂತು, ಆಮೇಲೆ ನೌಕರಿ... ಮತ್ತೆ ಆ ಕಡೆ ಹೋಗಲಿಲ್ಲ.

ಅಂಗಡಿಯಿಂದ ಸೀದಾ ರಂಗಂಪೇಟೆಗೆ ಹೋದೆ. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. "ಬಾಯಾರು ತೀರಿ ಎರಡು ವರ್ಷಾತ್ರಿ," ಎಂದಳು ಪಕ್ಕದ ಮನೆಯಾಕೆ. ಬೇರೆ ಯಾರಾದರೂ ಅವರಿಗೆ ಆ ಪತ್ರ ಬರೆದುಕೊಟ್ಟಿದ್ದರೇ ಎಂದು ತಿಳಿಯಬೇಕಿತ್ತು. ಪಕ್ಕದ ಮನೆಯಾಕೆಗೆ ಅದು ಗೊತ್ತಿರಲಿಲ್ಲ; ಕೇಳಲು ಬೇರೆ ಯಾರೂ ಉಳಿದಿರಲಿಲ್ಲ.