ಎರಡನೇ ನಂಬರಿನ ಬ್ರೀಝ್

ಹಲ್ಲಿಗೆ, ಗುಡುಗಿಗೆ, ಲಿಫ್ಟಿಗೆ ಹೆದರುವವರನ್ನು ನೀವು ನೋಡಿರುತ್ತೀರಿ. ನಾನು ಹೆದರುವುದು ಒಂದು ಇಂಗ್ಲಿಷ್ ಪದಕ್ಕೆ. ಅದಾದರೂ ಗಡುಸಾದ, ಕೇಳಿದರೆ ನಾಲ್ಕು ಜನ ತಲೆಯಾಡಿಸುವಂಥ ಪದವಾಗಿದ್ದರೆ ಹೇಳಿಕೊಳ್ಳಲು ಒಂದು ಮರ್ಯಾದೆಯಿತ್ತು. ನನ್ನನ್ನು ಹೆದರಿಸಿದ್ದು ಬ್ರೀಝ್. ಸಮುದ್ರದ ಕಡೆಗೆ ಒಂದು ಕಿಟಕಿಯೂ ಇಲ್ಲದ ಫ್ಲಾಟುಗಳ ಗೇಟಿನ ಮೇಲೆ ಚಂದದ ಅಕ್ಷರಗಳಲ್ಲಿ ಬರೆಸಿರುತ್ತಾರಲ್ಲ, ಅದೇ ಬ್ರೀಝ್.

ಈ ಪದದ ಬೆಲೆ ತಿಳಿಯಬೇಕಾದರೆ ಮೇ ತಿಂಗಳಲ್ಲಿ ಚೆನ್ನೈಯಲ್ಲಿರಬೇಕು. ಹನ್ನೊಂದು ಗಂಟೆಗೆಲ್ಲ ನಲ್ಲಿಯ ನೀರು ಕೈ ಸುಡುತ್ತದೆ, ಫ್ಯಾನು ಬಿಸಿಯನ್ನೇ ಕಲಸಿ ಕಲಸಿ ಕೆಳಗೆ ಹಾಕುತ್ತದೆ. ಆಗ ಇಡೀ ಊರು ಸಮುದ್ರ ಏನು ಮಾಡುತ್ತದೋ ಎಂದು ಕಾಯುತ್ತದೆ. ಒಂದೂವರೆ ಎರಡರ ಹೊತ್ತಿಗೆ ಗಾಳಿ ಆ ಕಡೆಯಿಂದ ತಿರುಗಿದರೆ ಬದುಕಿದೆವು. ತಿರುಗದಿದ್ದರೆ ಆ ದಿನ ಯಾರೂ ಯಾರ ಜೊತೆಗೂ ನೆಟ್ಟಗೆ ಮಾತಾಡುವುದಿಲ್ಲ.

ನಾವಿದ್ದದ್ದು ತಾಂಬರಂನಲ್ಲಿ. ಬ್ರೀಝ್ ನಮ್ಮವರೆಗೆ ಬರುವುದು ಪ್ಯಾಸೆಂಜರ್ ಗಾಡಿಯ ಹಾಗೆ, ನಡುವಿನ ಎಲ್ಲ ಸ್ಟೇಷನ್ನಿನಲ್ಲೂ ನಿಂತು. ಬೆಸೆಂಟ್ ನಗರದಲ್ಲಿ, ಸಮುದ್ರಕ್ಕೆ ಎರಡು ಬೀದಿ ಹಿಂದೆ, ನನ್ನ ಗೆಳತಿ ವಸಂತಾಳ ಮನೆ. ಅವಳು ದಿನಾ ಫೋನ್ ಮಾಡುತ್ತಿದ್ದಳು.

"ನಮ್ಗೆ ಬಂತು ಕಣೇ. ಈಗ ಹೊರಟಿದೆ, ನಿಂಗೆ ಮೂರಕ್ಕೆ ಸಿಗತ್ತೆ."

ರಿಸೀವರ್ ಇಡುವುದೇ ತಡ, ಕಾಂಪೌಂಡ್ ಗೋಡೆಯ ಆಚೆಯಿಂದ ಪಾರ್ವತಂ ಮಾಮಿ ಕೇಳುತ್ತಿದ್ದರು, "ಬ್ರೀಸ್ ಕೆಳಂಬಿಯಾಚ್ಚಾ?" ಹೊರಟಿತಾ ಅಂತ. ಊರಿಂದ ಬರುವ ನೆಂಟರನ್ನು ವಿಚಾರಿಸಿದ ಹಾಗೆ.

ಇದಕ್ಕೆ ಕನ್ನಡದಲ್ಲಿ ಏನನ್ನಬೇಕು ಎಂದು ನಾನು ತಲೆ ಕೆಡಿಸಿಕೊಂಡದ್ದುಂಟು. ತಂಗಾಳಿ ಎನ್ನೋಣವೆಂದರೆ, ತಣ್ಣಗಿರುತ್ತೇನೆಂದು ಅದು ಹೆಸರಿನಲ್ಲೇ ಮಾತು ಕೊಟ್ಟುಬಿಟ್ಟಿದೆ. ತಾಂಬರಂಗೆ ಬರುವುದು ಒಂಚೂರು ಕಡಿಮೆ ಬಿಸಿಯ, ಉಪ್ಪಿನ ಅಂಟು ಹತ್ತಿದ ಗಾಳಿ. ಮಂದಮಾರುತ ಎಂದರೆ ರೇಷ್ಮೆ ಸೀರೆ ಉಟ್ಟುಕೊಂಡೇ ನಿಲ್ಲಬೇಕು. ಹಳಗನ್ನಡದಲ್ಲಿ ತೆಂಬೆಲರು ಎಂಬ ಮುದ್ದಾದ ಮಾತಿದೆ, ತೆಂಕಣದಿಂದ ಬೀಸುವ ಎಲರು. ಒಮ್ಮೆ ಊಟದ ಹೊತ್ತಿನಲ್ಲಿ ಅದನ್ನು ಅಂದು ನೋಡಿದೆ. ನನ್ನ ಗಂಡ ತೆಂಗಿನಕಾಯಿಯ ಹೊಸ ತಿಂಡಿಯೆಂದು ತಿಳಿದು ತಟ್ಟೆ ಮುಂದೆ ಮಾಡಿದರು. ಹಾಗಾಗಿ ಬ್ರೀಝ್ ಬ್ರೀಝ್ ಆಗಿಯೇ ಉಳಿಯಿತು.

ಆ ಪದವನ್ನು ನನ್ನ ಬಾಯಿಗೆ ಕೂರಿಸಿದವರು ಮೈಸೂರಿನ ಕಾನ್ವೆಂಟಿನ ಸಿಸ್ಟರ್ ಆಗ್ನೆಸ್. ನಾನು ಬ್ರೀಜು ಎಂದಾಗ ಇಡೀ ತರಗತಿ ನಕ್ಕಿತ್ತು. ಸಿಸ್ಟರ್ ನಗಲಿಲ್ಲ. ನನ್ನ ಬೆರಳನ್ನು ನನ್ನದೇ ಗಂಟಲ ಮೇಲೆ ಇಡಿಸಿ, ಒಳಗೊಂದು ಜೇನುಹುಳ ಗುಂಯ್ ಎನ್ನಬೇಕು, ಎಂದರು. ಹತ್ತು ಸಲ ಹೇಳಿಸಿದ ಮೇಲೆ ಹುಳ ಗುಂಯ್ ಎಂದಿತು.

ಅದೇ ಸಿಸ್ಟರು ಭೂಗೋಳದ ಪೀರಿಯಡ್ಡಿನಲ್ಲಿ ಒಂದು ಪಟ್ಟಿ ಬಾಯಿಪಾಠ ಮಾಡಿಸಿದ್ದರು. ಹಿಂದೆ ಹಡಗಿನವರೊಬ್ಬರು ಗಾಳಿಗಳಿಗೆಲ್ಲ ನಂಬರು ಹಾಕಿದ್ದರಂತೆ. ಸೊನ್ನೆಯೆಂದರೆ ಹೊಗೆ ನೆಟ್ಟಗೆ ಏಳುತ್ತದೆ. ಎರಡರಿಂದ ಆರರವರೆಗೆ ಎಲ್ಲವೂ ಬ್ರೀಝ್. ಎರಡೆಂದರೆ ಮುಖಕ್ಕೆ ಗಾಳಿ ತಾಕುತ್ತದೆ, ಎಲೆಗಳು ಸದ್ದು ಮಾಡುತ್ತವೆ. ನಾಲ್ಕಕ್ಕೆ ಧೂಳು, ಕಾಗದ ಏಳುತ್ತವೆ. ಐದಕ್ಕೆ ಸಣ್ಣ ಮರಗಳು ತೂಗುತ್ತವೆ. ಆರಕ್ಕೆ ದೊಡ್ಡ ಕೊಂಬೆಗಳು ಅಲುಗುತ್ತವೆ, ಛತ್ರಿ ಹಿಡಿಯುವುದು ಕಷ್ಟ. ಛತ್ರಿ ಮಗುಚುವ ಗಾಳಿಯನ್ನೂ ಇಂಗ್ಲಿಷಿನವರು ಬ್ರೀಝ್ ಎಂದೇ ಕರೆಯುತ್ತಾರೆ ಎಂದು ಆಗ ನಗು ಬಂದಿತ್ತು. ಆ ನಗು ಇಪ್ಪತ್ತು ವರ್ಷದ ಮೇಲೆ ನನಗೇ ತಿರುಗಿ ಬಡಿಯಿತು.

ಆ ವರ್ಷ ಬೇಸಿಗೆ ರಜೆಗೆ ಮುಂಚೆ ನನ್ನ ಮಗಳು ಶಾಂಭವಿಯ ಶಾಲೆಯಲ್ಲಿ ಮಕ್ಕಳನ್ನೆಲ್ಲ ಡಾಕ್ಟರು ನೋಡಿದರು. ಅವಳಿಗೆ ಒಂಬತ್ತು ವರ್ಷ. ಹಲ್ಲು, ಕಣ್ಣು, ತೂಕ ಎಲ್ಲದರ ಮುಂದೆ ಸರಿಯೆಂದು ಗುರುತು ಹಾಕಿ, ಎದೆಯ ಮುಂದೆ ಮಾತ್ರ ಪೋಷಕರು ಬಂದು ಕಾಣಿರಿ ಎಂದು ಬರೆದಿದ್ದರು. ಹೋದೆ. ಡಾಕ್ಟರಮ್ಮ ಒಳ್ಳೆಯವರು, ನನ್ನ ಮುಖ ನೋಡಿಯೇ ದನಿ ತಗ್ಗಿಸಿದರು.

"ಹಾರ್ಟ್‌ನಲ್ಲಿ ಒಂದು ಸಾಫ್ಟ್ ಸೌಂಡ್ ಕೇಳುತ್ತೆ. ಜಸ್ಟ್ ಲೈಕ್ ಎ ಬ್ರೀಝ್. ಭಯಪಡಾದೀಂಗ. ಒಂದು ಎಕೋ ಟೆಸ್ಟ್ ಮಾಡಿಸಿಬಿಡಿ."

ಟೆಸ್ಟಿಗೆ ಸಿಕ್ಕಿದ್ದು ಹತ್ತು ದಿನದ ಮೇಲಿನ ತಾರೀಕು. ಭಯಪಡಬೇಡಿ ಎಂದು ತಮಿಳಿನಲ್ಲಿ ಹೇಳಿದರೂ ಭಯ ಕನ್ನಡದಲ್ಲೇ ಆಗುತ್ತದೆ.

ಮನೆಗೆ ಬಂದು ನಾನು ಮಾಡಿದ ತಪ್ಪನ್ನು ಈಗ ಹೇಳಿಬಿಡುತ್ತೇನೆ. ನಮ್ಮ ಅತ್ತೆ ಚಾಮರಾಜನಗರದ ಕಡೆಯವರು, ಇಂಗ್ಲಿಷ್ ಬಾರದು. ಬಾಗಿಲಲ್ಲೇ ಕಾದಿದ್ದರು.

"ಏನಂದ್ರವ್ವ ಡಾಕುಟ್ರು?"

ಹೆದರಿಸಬಾರದು ಎಂದುಕೊಂಡು ಅತ್ಯಂತ ಮೆತ್ತನೆಯ ಅನುವಾದ ಮಾಡಿದೆ. "ಏನಿಲ್ಲ ಅತ್ತೆ. ಎದೇಲಿ ಸ್ವಲ್ಪ ಗಾಳಿ ಇದ್ಯಂತೆ, ಅಷ್ಟೇ."

ಅತ್ತೆ ಅಲ್ಲೇ ಕುಳಿತರು. "ಗಾಳಿಯಾ? ಮಗೀಗೆ? ಯಾವ್ದು, ಎಲ್ಲಿ ಸೋಕ್ತು?"

ಕಾನ್ವೆಂಟಿನಲ್ಲಿ ಕಲಿತ ನನಗೆ, ನಮ್ಮ ಕಡೆ ಗಾಳಿ ಎಂದರೆ ಬರೀ ಬೀಸುವುದಲ್ಲ, ಮೈಮೇಲೆ ಬರುವುದೂ ಹೌದು ಎಂಬುದು ಆ ಗಳಿಗೆಯಲ್ಲಿ ಮರೆತೇ ಹೋಗಿತ್ತು. "ಅಯ್ಯೋ, ಆ ಗಾಳಿ ಅಲ್ಲ ಅತ್ತೆ" ಎಂದೆ. "ಮತ್ಯಾವ ಗಾಳಿ ಎದೆ ಒಳೀಕ್ ಹೋದ್ದು?" ಎಂದರು. "ರೈಲ್ವೆ ಗೇಟ್ ತಾವ ಹುಣಸೆ ಮರದ ಕೆಳಗೆ ನಿಂತು ಐಸ್ ತಿನ್ಬೇಡ ಅಂತ ಎಷ್ಟು ಸಲ ಹೇಳೀವ್ನಿ. ಯಾರ್ ಕೇಳ್ತಾರೆ ಈ ಮನೇಲಿ."

ಅತ್ತೆಗೂ ಮಾಮಿಗೂ ಆರು ವರ್ಷದ ನೆರೆ. ಇಬ್ಬರ ನಡುವೆ ಒಂದು ಪೂರ್ತಿ ವಾಕ್ಯ ಹೋಗಿ ಬಂದದ್ದನ್ನು ನಾನು ಕೇಳಿರಲಿಲ್ಲ. ಆ ಸಂಜೆ ಅತ್ತೆ ಗೋಡೆಯ ಹತ್ತಿರ ಹೋಗಿ ಮಗುವಿನ ಎದೆಯನ್ನು ತೋರಿಸಿ, "ಗಾಳಿ" ಎಂದರು. ಮಾಮಿ ಬಾಯಿಯ ಮೇಲೆ ಕೈಯಿಟ್ಟುಕೊಂಡು, "ಕಾತ್ತು ಕರುಪ್ಪಾ?" ಎಂದರು. ಗಾಳಿ, ಕಪ್ಪು. ದೆವ್ವದ ಹೆಸರು ಹೇಳದೆ ತಮಿಳರು ಅದನ್ನು ಹೇಳುವ ರೀತಿ ಅದು. ಅತ್ತೆ "ಊಂ, ಅದೇಯ" ಎಂದರು. ಮಾರನೇ ಬೆಳಿಗ್ಗೆ ಇಬ್ಬರೂ ಶಾಂಭವಿಯನ್ನು ಬೀದಿಯ ಕೊನೆಯ ಮಾರಿಯಮ್ಮನ ಗುಡಿಗೆ ಕರೆದುಕೊಂಡು ಹೋಗಿ, ಬೇವಿನ ಸೊಪ್ಪಿನಲ್ಲಿ ನಿವಾಳಿಸಿ, ಕತ್ತಿಗೆ ಕಪ್ಪು ದಾರ ಕಟ್ಟಿಸಿ ತಂದರು. ಅದರ ಮೇಲೆ ಅತ್ತೆ ನಮ್ಮ ಮನೆಯ ವಿಭೂತಿಯನ್ನೂ ಬಳಿದರು.

ನಾನು ಬೇಡವೆನ್ನಲಿಲ್ಲ. ಬೇಡವೆನ್ನಲು ನನ್ನ ಬಳಿ ಇದ್ದ ಉಪಾಯವೇನೂ ಅದಕ್ಕಿಂತ ದೊಡ್ಡದಾಗಿರಲಿಲ್ಲ. ನಾನು ಡಿಕ್ಷನರಿ ತೆಗೆದಿದ್ದೆ. ಗಂಡ ಬೆಳಿಗ್ಗೆ ಪೆರುಂಗುಡಿಯ ಆಫೀಸಿಗೆ ಹೋಗುವಾಗ, "ಬ್ರೀಝ್ ಅಂತ ತಾನೇ ಅಂದಿದ್ದು, ಸುಮ್ಮನಿರು ಗಿರಿಜಾ" ಎನ್ನುತ್ತಿದ್ದರು. ಸುಮ್ಮನಿರುವುದು ಹೇಗೆಂದು ಅವರಿಗೂ ತಿಳಿದಂತಿರಲಿಲ್ಲ. ಎರಡು ದಿನ ಊಟದ ಡಬ್ಬಿ ಮರೆತು ಹೋದರು. ಡಿಕ್ಷನರಿಯೂ ಸಮಾಧಾನ ಹೇಳಲಿಲ್ಲ. ಬ್ರೀಝ್ ಎಂದರೆ ಸುಲಭದ ಕೆಲಸ ಎಂದಿತ್ತು, ಒಂದು ಕ್ಷಣ ಉಸಿರು ಬಂತು. ಕೆಳಗೆ, ಸಣ್ಣ ಜಗಳ ಎಂದಿತ್ತು. ಅದರ ಕೆಳಗೆ, ಹಳೆಯ ಕಾಲದ ಇನ್ನೊಂದು ಬ್ರೀಝ್, ದನ ಕುದುರೆಗಳನ್ನು ಕಚ್ಚಿ ಓಡಿಸುವ ನೊಣ. ಮುಚ್ಚಿಟ್ಟೆ.

ಆಮೇಲೆ ಸಿಸ್ಟರ್ ಆಗ್ನೆಸರ ಪಟ್ಟಿ ನೆನಪಾಯಿತು. ಡಾಕ್ಟರಮ್ಮ ಬ್ರೀಝ್ ಎಂದರು, ಸರಿ. ಎಷ್ಟನೇ ನಂಬರಿನದು? ಎಲೆಯಲುಗುವುದೋ, ಮರ ತೂಗುವುದೋ, ಛತ್ರಿ ಮಗುಚುವುದೋ? ಇದನ್ನು ಕೇಳದೆ ಬಂದೆನಲ್ಲ ಎಂದು ಸೌಟು ಹಿಡಿದು ನಿಂತಲ್ಲೇ ಸಾರು ಉಕ್ಕಿಸಿಬಿಡುತ್ತಿದ್ದೆ. ಮಧ್ಯಾಹ್ನ ಮಗಳು ಮಲಗಿದಾಗ, ಗಂಟಲ ಮೇಲೆ ಬೆರಳಿಟ್ಟ ಹಾಗೆ ಅವಳ ಎದೆಯ ಮೇಲೆ ಬೆರಳಿಡುತ್ತಿದ್ದೆ. ಏನೋ ಗುಂಯ್ ಎಂದ ಹಾಗಾಗುತ್ತಿತ್ತು. ಅದು ಅವಳದೋ, ನನ್ನ ಕೈಯದೋ, ತಿಳಿಯುತ್ತಿರಲಿಲ್ಲ. ವಸಂತಾಳ ಫೋನು ಬಂದು "ಬಂತು ಕಣೇ" ಎಂದರೆ ಬೆಚ್ಚುತ್ತಿದ್ದೆ.

ಓಡಬೇಡ ಎಂದು ಮಗಳಿಗೆ ಕಟ್ಟಪ್ಪಣೆಯಾಗಿತ್ತು. ಕಾರಣ ಹೇಳಿರಲಿಲ್ಲ. ಅಂಗಳದಲ್ಲಿ ಅವಳ ಕಾಲಿನ ಸದ್ದು ಸ್ವಲ್ಪ ಜೋರಾದರೆ ಅಡುಗೆಮನೆಯಿಂದ ಕೂಗುತ್ತಿದ್ದೆ. "ನಾನ್ ಓಡಲೆಮಾ, ಫಾಸ್ಟಾ ನಡಕ್ಕಿರೇನ್" ಎಂದು ಉತ್ತರ. ಓಡುತ್ತಿಲ್ಲ, ಜೋರಾಗಿ ನಡೆಯುತ್ತಿದ್ದೇನೆ ಅಂತ. ಅವಳಿಗೆ ಸುಳ್ಳು ಹೇಳಬೇಕಾದಾಗ ತಮಿಳೇ ಬೇಕು.

ಹತ್ತನೇ ದಿನ ನಾನೂ ಮಗಳೂ ಎಲೆಕ್ಟ್ರಿಕ್ ಟ್ರೇನಿನಲ್ಲಿ ಆಸ್ಪತ್ರೆಗೆ ಹೋದೆವು. ಗಂಡ ಅಲ್ಲಿಗೇ ಬಂದಿದ್ದರು. ಕತ್ತಲು ಮಾಡಿದ ಸಣ್ಣ ಕೋಣೆ. ಎದೆಗೆ ಜೆಲ್ ಸವರಿದ ಕೂಡಲೇ ಶಾಂಭವಿ "ಕೂಸುದು" ಎಂದು ಕಚಗುಳಿಯಾಗಿ ನಕ್ಕಳು. ಪರೀಕ್ಷೆ ಮಾಡುತ್ತಿದ್ದ ಹಿರಿಯ ಡಾಕ್ಟರು ಮಾರಿಯಮ್ಮನ ದಾರವನ್ನು ಒಂದು ಬೆರಳಿನಲ್ಲಿ ಪಕ್ಕಕ್ಕೆ ಸರಿಸಿ, ಪರದೆಯನ್ನೇ ನೋಡುತ್ತ ಕುಳಿತರು. ನಾನು ಅವರ ಹುಬ್ಬನ್ನು ನೋಡುತ್ತ ನಿಂತೆ. ಒಮ್ಮೆ ಹುಬ್ಬು ಗಂಟಾಯಿತು. ಕನ್ನಡಕ ಜಾರಿತ್ತಂತೆ, ಅಷ್ಟೇ.

"ಹೋಲ್ ಇಲ್ಲ, ವಾಲ್ವ್ ಎಲ್ಲ ನಲ್ಲಾ ಇರುಕ್ಕು" ಎಂದರು ಕೊನೆಗೆ, ಎಲ್ಲ ಚೆನ್ನಾಗಿದೆ ಅಂತ. "ಇದು ಇನೊಸೆಂಟ್ ಮರ್ಮರ್ ಮಾ. ತುಂಬಾ ಮಕ್ಕಳಿಗೆ ಇರುತ್ತೆ, ತೊಂದರೆ ಇಲ್ಲ. ಗ್ರೇಡ್ ಟೂ."

"ಗ್ರೇಡ್ ಅಂದ್ರೆ?"

"ಈ ಸೌಂಡಿಗೆ ನಾವು ಒಂದರಿಂದ ಆರರವರೆಗೆ ನಂಬರ್ ಕೊಡ್ತೀವಿ. ಇದು ಎರಡು."

ಆ ಕತ್ತಲಲ್ಲಿ ನಾನು ಅತ್ತೆನೋ ನಕ್ಕೆನೋ, ಗಂಡನನ್ನೇ ಕೇಳಬೇಕು. ಎರಡು. ಮುಖಕ್ಕೆ ಗಾಳಿ ತಾಕುತ್ತದೆ, ಎಲೆಗಳು ಸದ್ದು ಮಾಡುತ್ತವೆ. ಎಲೆಗಳು ಮಾಡುವ ಆ ಸದ್ದಿಗೆ ನಾವು ಮರ್ಮರ ಎಂದೇ ತಾನೇ ಅನ್ನುವುದು! ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದು ನನಗೆ ಕನ್ನಡದಲ್ಲೇ ಕೇಳಿಸಿತ್ತು.

ತಾಂಬರಂಗೆ ಬಂದಾಗ ಅತ್ತೆ ಗೇಟಿನಲ್ಲಿದ್ದರು, ಗೋಡೆಯಾಚೆ ಮಾಮಿ.

"ಹೋಯ್ತಾ?" ಎಂದರು ಅತ್ತೆ.

"ಇಲ್ಲ ಅತ್ತೆ, ಇದೆ. ಎರಡನೇ ನಂಬರಿಂದು. ಏನೂ ಮಾಡಲ್ವಂತೆ."

ಅತ್ತೆ ಮಗುವಿನ ಕತ್ತಿನ ದಾರ ಮುಟ್ಟಿ ನೋಡಿದರು. "ಸರಿ ಬುಡು, ಒಳ್ಳೇ ಗಾಳೀನೂ ಇರ್ತವೆ. ದಾರ ಮಾತ್ರ ಬಿಚ್ಬೇಡ."

ಅಷ್ಟರಲ್ಲಿ ಶಾಂಭವಿ ಚಪ್ಪಲಿ ಎಸೆದು ತಾರಸಿಯ ಮೆಟ್ಟಿಲು ಹತ್ತಿ ಓಡಿದ್ದಳು. ಈ ಸಲ ಜೋರಾಗಿ ನಡೆಯುವ ನೆಪವೂ ಇರಲಿಲ್ಲ. ಓಡಬೇಡ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಮೇಲಿನಿಂದ, "ಅಮ್ಮಾ, ಬ್ರೀಝ್ ಬಂತು" ಎಂದು ಕೂಗಿದಳು. ನುಂಗಿಕೊಂಡು, "ಎಷ್ಟಿದೆ?" ಎಂದೆ.

ಅವಳು ಮಾಮಿಯ ಮನೆಯ ಬೇವಿನ ಮರವನ್ನು ನೋಡಿರಬೇಕು. "ಎಲೆ ಮಾತ್ರ ಅಲ್ಲಾಡ್ತಿದೆ."

ಈಗಲೂ ಗಾಳಿಯೆದ್ದಾಗ ಒಮ್ಮೆ ಮರ ನೋಡಿಯೇ ಕೆಲಸಕ್ಕೆ ಕೂರುತ್ತೇನೆ. ಮೂರನೇ ನಂಬರಿನವರೆಗೆ ಧೈರ್ಯ ಬಂದಿದೆ. ಆರಕ್ಕೆ ಇನ್ನೂ ಛತ್ರಿ ಬಿಚ್ಚುವುದಿಲ್ಲ.