ಎಂಟು ಮನೆಗೆ ಒಂದೇ ಮುಖ

ಅಂಬುಬಾಯಿಯವರ ಹತ್ತಿರ ಎಂಟು ಮನೆಗಳ ಬೀಗದಕೈ ಇದ್ದವು. ಹಾಗಂತ ದೊಡ್ಡ ಸಾಹುಕಾರರು ಅಂದುಕೊಂಡೀರಿ! ಎಂಟರಲ್ಲಿ ಸ್ವಂತದ್ದು ಒಂದೇ: ಮಿಯಾಪುರದ ಅಪಾರ್ಟ್‌ಮೆಂಟೊಂದರ ಬಿ ಬ್ಲಾಕಿನ ನಾಲ್ಕನೇ ಮಹಡಿಯಲ್ಲಿ, 402. ಸಿಕಂದರಾಬಾದಿನ ರೈಲ್ವೆ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಗಂಡ ರಿಟೈರಾದ ಮೇಲೆ ಆ ಮನೆ ಕೊಂಡು, ಎರಡೇ ವರ್ಷ ಅದರಲ್ಲಿದ್ದು, ಹೋಗಿಬಿಟ್ಟರು. ಉಳಿದ ಏಳು ಮನೆಗಳೂ ಅದೇ ಬ್ಲಾಕಿನವು. ಅವುಗಳ ಯಜಮಾನರು ಮಾತ್ರ ಟೊರಾಂಟೊ, ದುಬೈ, ಡಬ್ಲಿನ್ ಅಂತ ಭೂಗೋಳದ ತುಂಬ ಚೆಲ್ಲಿಹೋಗಿದ್ದರು.

ಮೊದಲು ಬೀಗದಕೈ ಕೊಟ್ಟವಳು ನೆತ್ತಿಯ ಮೇಲಿನ 502ರ ತಾರಾ. ಟೊರಾಂಟೊಗೆ ಹೊರಡುವಾಗ, "ಆಂಟಿ, ಬರೇ ಒಂದ್ ತಿಂಗಳು ನೋಡ್ಕೋರಿ," ಅಂದಿದ್ದಳು. ಆ ಒಂದು ತಿಂಗಳಿಗೆ ಈಗ ಆರು ವರ್ಷ. ತಾರಾಳನ್ನು ನೋಡಿ ತರುಣ ಕೊಟ್ಟ, ತರುಣನನ್ನು ನೋಡಿ ಚಿತ್ರಾ ಕೊಟ್ಟಳು. ಅಂಬುಬಾಯಿಯವರ ಬಾಯಲ್ಲಿ 'ಆಗಂಗಿಲ್ಲ' ಎಂಬ ಮಾತು ಹುಟ್ಟಿದ್ದೇ ಇಲ್ಲ ಎಂಬುದು ಏಳು ದೇಶಗಳಿಗೆ ಗೊತ್ತಾಗಿಹೋಗಿತ್ತು.

ಪರದೇಶದಲ್ಲಿರುವವರ ಕಷ್ಟ ಏನೆಂದು ನಮಗೇನು ಗೊತ್ತು ಹೇಳಿ? ಅಂಬುಬಾಯಿಯವರಿಗೆ ಗೊತ್ತು. ದುಬೈನ ತರುಣನ ಕಾರು ವಾರಕ್ಕೊಮ್ಮೆ ಚಾಲೂ ಆಗದಿದ್ದರೆ ಬ್ಯಾಟರಿ ಸಾಯುತ್ತದೆ. ಆದ್ದರಿಂದ ಕಾರು ಓಡಿಸಲು ಬಾರದ ಅಂಬುಬಾಯಿ ಪ್ರತಿ ಬುಧವಾರ ಪಾರ್ಕಿಂಗಿಗೆ ಇಳಿದು, ಸ್ಟೇರಿಂಗ್ ಹಿಡಿದು, ಇಪ್ಪತ್ತು ನಿಮಿಷ ಎದುರಿನ ಗೋಡೆಯನ್ನು ನೋಡುತ್ತ ಕೂರುತ್ತಿದ್ದರು. ಸೀಟ್ ಬೆಲ್ಟ್ ಸಹ ಹಾಕಿಕೊಳ್ಳುತ್ತಿದ್ದರು, ನಿಯಮ ಅಂದರೆ ನಿಯಮ. ಡಬ್ಲಿನ್ನಿನ ಚಿತ್ರಾಳಿಗೆ ಶುಕ್ರವಾರ ಹೊಸ್ತಿಲಿಗೆ ದೀಪ ಬೇಕು, ಅದೂ ವಿಡಿಯೋದಲ್ಲಿ. ತಾರಾಳ ಮನೆಯಲ್ಲಿ ದಿನಾ ಬೆಳಿಗ್ಗೆ ಹತ್ತು ನಿಮಿಷ ನೀರು ಬಿಡಬೇಕು, ಇಲ್ಲದಿದ್ದರೆ ಮೋರಿಯ ಕೊಳವೆ ಒಣಗಿ ನಾತ ಬರುತ್ತದೆ. ಆಮೇಲೆ ಜಿರಳೆ ಬಾರದಂತೆ ಮೋರಿಯ ಬಾಯಿಗೆ ಬಟ್ಟೆ ಗಿಡಿಯಬೇಕು. ಇಷ್ಟು ಸಾಲದೆಂದು, ಮೂವರು ತಮ್ಮ ಇಲ್ಲಿಯ ನಂಬರಿನ ಫೋನುಗಳನ್ನೂ ಇವರ ಕೈಗೇ ಕೊಟ್ಟು ಹೋಗಿದ್ದರು. ಬ್ಯಾಂಕಿನ ಓಟಿಪಿ ಬರುವುದು ಆ ನಂಬರಿಗೇ ತಾನೆ? ಅಂಬುಬಾಯಿ ಫೋನುಗಳನ್ನೂ ಬೀಗದಕೈಗಳನ್ನೂ ಒಂದೇ ಬಟ್ಟೆ ಚೀಲದಲ್ಲಿ ಹಾಕಿ ಹೆಗಲಿಗೇರಿಸಿ ತಿರುಗುತ್ತಿದ್ದರು. ಹಾಲಿನ ಅಂಗಡಿಯ ಮುಂದೆ ನಿಂತು, "ನಾಕು, ಸೊನ್ನಿ, ಸೊನ್ನಿ, ಏಳು... ಬರ್ಕೊಂಡ್ಯಾ ತಮ್ಮಾ?" ಅಂತ ದುಬೈಗೆ ಕೇಳುವಂತೆ ಕೂಗುತ್ತಿದ್ದರು.

ಮಗಳು ಅಮಿತಾ ಇರುವುದು ಬೀದರದಲ್ಲಿ, ಗಂಡನ ಮನೆ. ಫೋನು ಮಾಡಿದಾಗ 'ಹೆಂಗದಿ' ಅಂತ ಕೇಳುವುದನ್ನು ಅವಳು ಎಂದೋ ಬಿಟ್ಟಿದ್ದಳು. ಎತ್ತಿದ ಕೂಡಲೇ ಕೇಳುವುದು ಒಂದೇ ಪ್ರಶ್ನೆ: "ಅವ್ವಾ, ಇವತ್ತ ಯಾರ ಮನ್ಯಾಗ ಅದಿ?"

ಆ ಅಮಿತಾಳಿಗೆ ಈಗ ಎಂಟು ತಿಂಗಳು. ಚೊಚ್ಚಲು. ಬಾಣಂತನಕ್ಕೆ ತವರಿಗೆ ಬರುವವಳಿದ್ದಳು. ಅಂಬುಬಾಯಿ ಬಾಣಂತಿಯ ಉಂಡಿಗೆ ಅಂತ ಅಳವಿ, ಅಂಟು, ಉತ್ತುತ್ತಿ ಎಲ್ಲ ತಂದಿಟ್ಟು, ತೊಟ್ಟಿಲು ತೂಗುಹಾಕಲು ಹಾಲಿನ ಸೂರಿಗೆ ಕೊಂಡಿಯನ್ನೂ ಹೊಡೆಸಿದ್ದರು. ಗಂಡ ಕೊಂಡ ಮನೆಯಲ್ಲಿ ಮೊದಲ ಮೊಮ್ಮಗು. ಅದೊಂದು ಆಸೆಗಾಗಿ ಅವರು ಬದುಕಿದ್ದರು ಅಂದರೂ ತಪ್ಪಿಲ್ಲ.

ಅಷ್ಟರಲ್ಲಿ ಬೇಸಿಗೆ ಬಂತು, ಬೋರು ಬತ್ತಿತು, ಟ್ಯಾಂಕರಿಗೆ ಹೊಡೆದಾಟ ಶುರುವಾಯಿತು. ಅಪಾರ್ಟ್‌ಮೆಂಟಿನ ಸೆಕ್ರೆಟರಿ ರವಿಶಂಕರ್ ಮೈಸೂರಿನ ಹುಡುಗ, ಐಟಿ ಕಂಪನಿಯವನು. ತಲೆನೋವು ಬಂದರೆ ಮಾತ್ರೆ ನುಂಗದೆ ಆ್ಯಪ್ ಮಾಡುವ ಜಾತಿ. ಅವನು ಕಟ್ಟಳೆ ಹೊರಡಿಸಿದ: ಯಾರೂ ವಾಸವಿಲ್ಲದ ಮನೆಗಳಿಗೆ ನೀರು ಬಂದ್, ದಸರಾ ತನಕ. ಭಾನುವಾರ ಸೂಪರ್‌ವೈಸರ್ ನರ್ಸಿಂಗ್ ಮನೆಮನೆಯ ಗಂಟೆ ಒತ್ತುತ್ತಾನೆ. ಬಾಗಿಲು ತೆರೆದವರ ಮುಖದ ಫೋಟೋ ಆ್ಯಪಿಗೆ ಹೋಗುತ್ತದೆ. ತೆರೆಯದಿದ್ದರೆ ಮನೆ ಖಾಲಿ.

ಸುದ್ದಿ ಹಾರಿದ್ದೇ ಏಳು ದೇಶಗಳಿಂದ ಒಂದೇ ಗೋಳು. "ಆಂಟಿ, ಒಮ್ಮೆ ಬಂದ್ ಮಾಡಿದ್ರೆ ಮತ್ತೆ ಬಿಡಿಸ್ಲಿಕ್ಕೆ ನಾನು ಡಬ್ಲಿನ್ನಿಂದ ಬರ್ಬೇಕಾ? ನೀವೇ ಏನಾದ್ರೂ ಮಾಡಿ ಮಾರಾಯ್ರೆ," ಅಂತ ಮಂಗಳೂರು ಮೂಲದ ಚಿತ್ರಾ ಅತ್ತೇಬಿಟ್ಟಳು. ಅಂಬುಬಾಯಿ ಬೀಗದಕೈಗಳನ್ನು ಮಹಡಿಯ ಪ್ರಕಾರ ಜೋಡಿಸಿಕೊಂಡರು.

ಭಾನುವಾರ ಬಂತು. ನರ್ಸಿಂಗ್ ಒಂಬತ್ತನೇ ಮಹಡಿಯಿಂದ ಕೆಳಗಿಳಿಯುತ್ತ ಬಂದ. ಅವನು ಲಿಫ್ಟಿನಲ್ಲಿ, ಅಂಬುಬಾಯಿ ಮೆಟ್ಟಿಲಲ್ಲಿ. 902ರಲ್ಲಿ ಬಾಗಿಲು ತೆರೆದು ಫೋಟೋ ಕೊಟ್ಟು, ಅವನು ಪಕ್ಕದ ಮನೆಯ ಗಂಟೆ ಒತ್ತುವಷ್ಟರಲ್ಲಿ, ಸೆರಗು ಸಿಕ್ಕಿಸಿ, ಚೀಲ ಗಲಗಲ ಎನ್ನಿಸುತ್ತ ಇಳಿದು 801 ಸೇರಿಕೊಂಡರು. ಅಲ್ಲಿಂದ 703. ಪ್ರತಿ ಬಾಗಿಲಲ್ಲೂ ಮೊದಲ ಸಲ ನೋಡಿದವರಂತೆ, "ಯಾರ್ರಿ?" ಅಂದರು. ನರ್ಸಿಂಗನೂ ಗಂಭೀರವಾಗಿ, "ಸರ್ವೇ, ಅಮ್ಮಾ," ಅಂದ. ಐದನೇ ಸಲಕ್ಕೆ ಅವನಿಗೇ ಕನಿಕರವಾಗಿ, "ಅಮ್ಮಾ, ಜರಾ ನೀರು ತಾಗಂಡಿ," ಅಂತ ತನ್ನ ತೆಲುಗಿನಲ್ಲಿ ಕುಡಿಯಲು ಹೇಳಿದ. 502 ಮುಗಿಯಿತು. ಕೆಳಗೆ ತಮ್ಮದೇ 402. ಆದರೆ 303ರ ತರುಣನದು ಬಾಕಿ ಇತ್ತು. 'ನನ್ನ ಮನಿ ಎಲ್ಲಿ ಓಡಿ ಹೋಕ್ಕೈತಿ, ನರ್ಸಿಂಗಗ ನಾ ಗೊತ್ತಿಲ್ಲೇನು?' ಅಂತ ಅದನ್ನು ದಾಟಿ ಮೂರನೇ ಮಹಡಿಗೆ ಓಡಿದರು.

ಸಂಜೆ ಬಂದು ನೋಡಿದರೆ ತಮ್ಮ ಬಾಗಿಲಿಗೇ ಚೀಟಿ: 'ಖಾಲಿ ಮನೆ. ನೀರು ನಿಲ್ಲಿಸಲಾಗುವುದು.'

ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವುದು ಇದಕ್ಕೇ. ಅಂಬುಬಾಯಿ ಚೀಟಿ ಕಿತ್ತುಕೊಂಡು ರವಿಶಂಕರನ ಮನೆಗೆ ನಡೆದರು.

"ಏನಪಾ ಇದು? ನಾ ಇಲ್ಲೇ ನಿನ್ನ ಮುಂದ ನಿಂತೀನಿ. ಜೀವಂತ ಅದೀನಿ. ನನ್ನ ಮನಿ ಹೆಂಗ ಖಾಲಿ ಆತು?"

"ಆಂಟಿ, ನೀವಿದ್ದೀರಾ, ಅದ್ರಲ್ಲಿ ಡೌಟೇ ಇಲ್ಲ. ಆದ್ರೆ 402ರಲ್ಲಿ ಇಲ್ಲ," ಅಂದ ರವಿಶಂಕರ್ ಬಹಳ ವಿನಯದಿಂದ, ಮತ್ತು ಫೋನು ತೋರಿಸಿದ. ಏಳು ಫೋಟೋ. ಏಳು ಬಾಗಿಲು. ಏಳರಲ್ಲೂ ಅಂಬುಬಾಯಿ, ಬರಬರುತ್ತ ಹೆಚ್ಚು ಬೆವರಿದ್ದರು.

"ನನ್ನ ಮಗಳು ಬಾಣಂತನಕ್ಕ ಬರಾಕತ್ತಾಳಪಾ. ನೀರಿಲ್ಲದ ಬಾಣಂತನ ಹೆಂಗ ಮಾಡ್ಲಿ? ಕೂಸಿಗೆ ಎರೀಬೇಕು, ಬಾಣಂತಿಗೆ ಎರೀಬೇಕು..."

ರವಿಶಂಕರ್ ಕೆಟ್ಟವನಲ್ಲ. ಯೋಚಿಸಿದ. ಯೋಚಿಸಿದ್ದೇ ತಪ್ಪಾಯಿತು. "ಸರಿ ಆಂಟಿ, ಎಲ್ಲ ಫೋಟೋನೂ ಕ್ಯಾನ್ಸಲ್. ಮುಂದಿನ ಭಾನುವಾರ ಹೊಸದಾಗಿ ರೌಂಡು. ಆದ್ರೆ ಈ ಸಲ ಒಂದು ಮುಖಕ್ಕೆ ಒಂದೇ ಮನೆ. ಮೊದಲು ಎಲ್ಲಿ ಫೋಟೋ ಬೀಳುತ್ತೋ ಅದೇ ನಿಮ್ಮನೆ. ಆಮೇಲೆ ಆ್ಯಪ್ ತಗೊಳ್ಳೋದೇ ಇಲ್ಲ. ಬಾಗಿಲು ತೆಗೀದಿದ್ರೆ ಅಲ್ಲೇ ವಾಲ್ವು ಬಂದ್."

ಅಮಿತಾಳ ರೈಲು ಆ ಭಾನುವಾರದ ಮರುದಿನವೇ, ಸೋಮವಾರ.

ಆ ವಾರ ಅಂಬುಬಾಯಿಯ ಮುಖಕ್ಕೆ ಬಂದ ಬೇಡಿಕೆ ಚುನಾವಣೆಯಲ್ಲಿ ಓಟಿಗೂ ಬಂದಿರಲಾರದು. "ಆಂಟಿ, ನಿಮ್ಮ ಮುಖ ನಮ್ಮನೀಗೆ ಕೊಡ್ರಿ," ಅಂತ ತರುಣ ದಿನಾ ಗೋಗರೆದ. ಚಿತ್ರಾ ಡಬ್ಲಿನ್ನಿನಲ್ಲೇ ಹರಕೆ ಹೊತ್ತಳು. ತಾರಾ ಅಂತೂ, "ಅಮಿತಾನ ಬಾಣಂತನ ನಮ್ಮನ್ಯಾಗ ಮಾಡ್ರಿ ಆಂಟಿ! ಮೂರು ಬಾತ್‌ರೂಮ್ ಐತಿ. ಮೋರೀಗೂ ಛಲೋ, ಕೂಸಿಗೂ ಛಲೋ," ಅಂದಳು. ಅಂಬುಬಾಯಿಗೆ ಸಿಟ್ಟು ಬಂದದ್ದು ಅವತ್ತೇ ಮೊದಲು. ಮೋರಿ ಒಣಗಬಾರದು ಅಂತ ನನ್ನ ಮಗಳು ಹಡೆಯಬೇಕೆ? ಆದರೆ ಬಾಯಿಂದ ಹೊರಟದ್ದು ಎಲ್ಲರಿಗೂ ಹೇಳುವ ಹಳೇ ಮಾತು: "ನೋಡೂಣಂತ." ಏಳೂ ಜನ ಅದನ್ನು ಒಪ್ಪಿಗೆ ಎಂದುಕೊಂಡರು.

ದಾಕ್ಷಿಣ್ಯಕ್ಕೆ ಬಸುರಾದರೆ ಹೆರುವುದಕ್ಕೆ ಜಾಗವಿಲ್ಲ ಎಂದು ಗಾದೆ. ಇಲ್ಲಿ ದಾಕ್ಷಿಣ್ಯ ತಾಯಿಯದು, ಬಸಿರು ಮಗಳದು, ಜಾಗ ಮಾತ್ರ ಇಬ್ಬರಿಗೂ ಇಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ ಅಂಬುಬಾಯಿ ಅಭ್ಯಾಸದಂತೆ 502ಕ್ಕೆ ಹೋಗಿ ಅಡುಗೆಮನೆಯ ಹಿಂದಿನ ಬಚ್ಚಲಿನ ನಲ್ಲಿ ತಿರುಗಿಸಿದರು. ಗುರ್ ಗುರ್ ಎಂದು ಗಾಳಿ ಬಂತು, ನೀರಿಲ್ಲ. ಟ್ಯಾಂಕು ಖಾಲಿ. ಮನಸ್ಸು ಮನಸ್ಸಿನಲ್ಲಿರಲಿಲ್ಲ. ನೀರು ಬಾರದ ನಲ್ಲಿಯನ್ನು ಮುಚ್ಚದೆ ಹಾಗೇ ಬಿಟ್ಟು, ಮೋರಿಗೆ ಮಾತ್ರ ತಪ್ಪದೆ ಬಟ್ಟೆ ಗಿಡಿದು, ಕೆಳಗಿಳಿದು ಬಂದರು. ತಮ್ಮ ಮನೆಯ ಬಾಗಿಲ ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ಇವತ್ತು ಏನೇ ಆದರೂ ಏಳುವುದಿಲ್ಲ ಅಂತ ದೇವರ ಮೇಲೆ ಆಣೆ ಇಟ್ಟುಕೊಂಡರು.

ಹತ್ತು ಗಂಟೆಗೆ ಟ್ಯಾಂಕರ್ ಬಂತು. ಹತ್ತೂವರೆಗೆ ಅಡುಗೆಮನೆಯ ಸೂರಿನಿಂದ ಅಂಟಿನ ಡಬ್ಬಿಯ ಮೇಲೆ ಟಪ್ ಅಂತ ಒಂದು ಹನಿ. ಆಮೇಲೆ ಹತ್ತು. ಅಯ್ಯಯ್ಯೋ! ಅಂಬುಬಾಯಿ ಅಳವಿ, ಉತ್ತುತ್ತಿಗಳನ್ನು ಎತ್ತಿ ಹಾಲಿಗೆ ಸಾಗಿಸಿ, ಕೊಪ್ಪರಿಗೆ, ಬಕೆಟ್ಟು, ಕೊನೆಗೆ ಪುಟ್ಟ ಕೂಸಿನ ಟಬ್ಬನ್ನೂ ಸಾಲಾಗಿ ಇಟ್ಟರು. ಚೀಲದೊಳಗೆ ಫೋನು ಹೊಡೆದುಕೊಂಡಿತು. ತಾರಾ. ಅವಳ ಮನೆಯಲ್ಲಿ ಕ್ಯಾಮೆರಾ ಇತ್ತು.

"ಆಂಟೀ! ನಮ್ಮನ್ಯಾಗ ನೀರು ತುಂಬಾಕತ್ತೈತಿ! ಚಪ್ಪಲಿ ತೇಲಾಕತ್ತಾವು! ಓಡ್ರಿ ಮ್ಯಾಲೆ!"

ಅದೇ ಹೊತ್ತಿಗೆ ನೆತ್ತಿಯ ಮೇಲೆ ಗಂಟೆ ಬಾರಿಸಿತು, ಟಿಂಗ್ ಟಾಂಗ್. ನರ್ಸಿಂಗ್ 502ರ ಬಾಗಿಲಲ್ಲಿದ್ದ. ಈಗ ಮೇಲೆ ಹೋದರೆ ಮುಖ ತಾರಾಳ ಮನೆಗೆ ಹೋಯಿತು. ಹೋಗದಿದ್ದರೆ ಸೂರೇ ಇಳಿದು ಬಂದೀತು. ತಪ್ಪು ಬೇರೆ ತಮ್ಮದೇ. ಕಾಲು ತಾನಾಗಿ ಹೊಸ್ತಿಲ ಕಡೆ ತಿರುಗಿತು. ಆರು ವರ್ಷದ ಅಭ್ಯಾಸ, ಕಾಲಿಗೇನು ಗೊತ್ತು? ಹಾಲಿನ ಸೂರಿನಲ್ಲಿ ತೊಟ್ಟಿಲ ಕೊಂಡಿ ಕಾಣಿಸಿತು.

"ಆಂಟೀ, ಬಾಗಿಲು ಬಾರಸಾಕತ್ತಾರ! ಹೋಗಿ ತಗೀರಿ!"

"ಆಗಂಗಿಲ್ಲ ತಾರಾ," ಅಂದರು ಅಂಬುಬಾಯಿ. ಅಂದದ್ದು ತಾವೇನಾ ಅಂತ ಅವರಿಗೇ ಗಾಬರಿಯಾಯಿತು.

ಮೇಲೆ ಗಂಟೆ ಮೂರು ಸಲ ಬಾರಿಸಿ ಸುಮ್ಮನಾಯಿತು. ನರ್ಸಿಂಗ್ ಕಟ್ಟಳೆಯ ಪ್ರಕಾರ 502 ಖಾಲಿ ಅಂತ ಒತ್ತಿದ. ಕಟ್ಟಳೆಯ ಪ್ರಕಾರವೇ ಮನೆಯ ಹೊರಗಿನ ಕೊಳವೆ ಪೆಟ್ಟಿಗೆ ತೆಗೆದು ಆ ಮನೆಯ ವಾಲ್ವು ತಿರುಗಿಸಿದ. ಸ್ವಲ್ಪ ಹೊತ್ತಿನಲ್ಲಿ ಅಡುಗೆಮನೆಯ ಧಾರೆ ಹನಿಯಾಯಿತು, ಹನಿ ಸಣ್ಣದಾಯಿತು.

"ನಿಂತ್ಹೋತು!" ಅಂತ ಟೊರಾಂಟೊದಿಂದ ತಾರಾ ಚೀರಿದಳು. "ಆಂಟಿ, ನಿಮ್ಮ ಉಪಕಾರ ಹೆಂಗ ತೀರಸಲಿ! ಯಾವಾಗ ಮ್ಯಾಲೆ ಹೋದ್ರಿ?"

ಅಂಬುಬಾಯಿ ಫೋನನ್ನು ಚೀಲಕ್ಕೆ ಹಾಕಿದರು. ಅವರ ಬಾಗಿಲ ಗಂಟೆ ಬಾರಿಸಿತ್ತು. ತೆರೆದರು. ನೆತ್ತಿಯ ಮೇಲೆ ಸುಣ್ಣದ ಚೂರು, ಕೈಯಲ್ಲಿ ತುಂಬಿದ ಕೂಸಿನ ಟಬ್ಬು. ನರ್ಸಿಂಗ್ ಫೋಟೋ ಹೊಡೆದ. ಆ್ಯಪಿನಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಮನೆಗೆ ನೀರು ಸರಿಯಾಗಿ ಬರುತ್ತಿದೆಯೇ? ಅವನು ಒಳಗಿನ ಸೂರನ್ನು ಒಮ್ಮೆ ನೋಡಿ, 'ಹೌದು' ಒತ್ತಿ, ನಮಸ್ಕಾರ ಹೇಳಿ ಹೋದ.

ಅಂಬುಬಾಯಿ ಚೀಲವನ್ನು ಗೋಡೆಯ ಮೊಳೆಗೆ ನೇತುಹಾಕಿದರು. ಅದರೊಳಗೆ ದುಬೈ, ಡಬ್ಲಿನ್ ಎಲ್ಲ ಸರದಿಯಂತೆ ಹೊಡೆದುಕೊಳ್ಳುತ್ತಿದ್ದವು. ಹೊಡೆದುಕೊಳ್ಳಲಿ. ನೆಲ ಒರೆಸಿ, ಒಂದು ಲೋಟ ಚಹಾ ಮಾಡಿಕೊಂಡು, ಕೊಂಡಿಯ ಕೆಳಗೆ ಕೂತರು. ಈ ಕುರ್ಚಿಯಿಂದ ಕಿಟಕಿಯಾಚೆ ಮೆಟ್ರೋ ಕಾಣುತ್ತದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ.

ಸೆರಗಿನ ಗಂಟಿನಲ್ಲಿದ್ದ ಸ್ವಂತ ಫೋನು ಬಾರಿಸಿತು. ಅಮಿತಾ.

"ಅವ್ವಾ, ನಾಳೆ ಗಾಡಿ ಹತ್ತಾಕತ್ತೀನಿ. ಇವತ್ತ ಯಾರ ಮನ್ಯಾಗ ಅದಿ?"

"ನಮ್ಮ ಮನ್ಯಾಗ," ಅಂದರು ಅಂಬುಬಾಯಿ.

 ಆ ಕಡೆ ಮಗಳು ಗಾಬರಿಬಿದ್ದಳು. "ಯಾಕವ್ವಾ? ಮೈಯಾಗ ಆರಾಮಿಲ್ಲೇನು?"