ಕಡಲ ದಾರಿಗೆ ಗೇಟು ಮಾಡಿಕೊಟ್ಟ ಯೋಗಾನಂದ

ಊರು ಇನ್ನೂ ಹೊಗೆ ಬಿಡಲು ಶುರುಮಾಡಿಲ್ಲ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂದಿನ ರಸ್ತೆಯಲ್ಲಿ ಒಂದೇ ಒಂದು ಶೆಡ್ಡಿನ ಶಟರ್ ಅರ್ಧ ಮೇಲೆದ್ದಿದೆ. ಒಳಗೆ ಸಿಮೆಂಟ್ ತೊಟ್ಟಿಯ ನೀರಿನಲ್ಲಿ ಕುತ್ತಿಗೆಮಟ್ಟ ಮುಳುಗಿ ನಿಂತ ಹಳದಿ ಸಿಲಿಂಡರ್‌ಗಳು. ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಮಂಕಿ ಟೋಪಿ ಹಾಕಿಕೊಂಡು, ಒಂದು ಕೈಯನ್ನು ನೀರಿನಲ್ಲೇ ಬಿಟ್ಟುಕೊಂಡು ಕೂತವರು ಯೋಗಾನಂದ. ಕಂಪ್ರೆಸರ್ ಗುಡುಗುತ್ತಿದೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ ಅವರು ಸಿಲಿಂಡರಿನ ಮೈ ಮುಟ್ಟುತ್ತಾರೆ. ಬಿಸಿ ಏರಿದೆ ಅನ್ನಿಸಿದರೆ ವಾಲ್ವ್ ಕೊಂಚ ಬಿಗಿ ಮಾಡುತ್ತಾರೆ, ತಣ್ಣಗಾದ ಮೇಲೆ ಮತ್ತೆ ಬಿಡುತ್ತಾರೆ. ಈ ಕೆಲಸದಲ್ಲಿ ಅವಸರ ಮಾಡುವಂತಿಲ್ಲ.

ತುಂಬುತ್ತಿರುವುದು ಗಾಳಿ. ಆಸ್ಪತ್ರೆಯ ಆಕ್ಸಿಜನ್ ಅಲ್ಲ, ಅಡುಗೆ ಮನೆಯ ಗ್ಯಾಸೂ ಅಲ್ಲ. ನಾವು ನೀವು ಪುಕ್ಕಟೆ ಉಸಿರಾಡುವ ಮಾಮೂಲಿ ಗಾಳಿ. ಸ್ಕೂಬಾ ಡೈವಿಂಗ್ ಮಾಡುವವರು ಇದನ್ನೇ ಬೆನ್ನಿಗೆ ಕಟ್ಟಿಕೊಂಡು ಕಡಲಿಗಿಳಿಯುತ್ತಾರೆ. ಬೆಂಗಳೂರಿನ ಜನ ವಾರಾಂತ್ಯ ಬಂದರೆ ಒಳ್ಳೆಯ ಗಾಳಿ ಬೇಕೆಂದು ಕರಾವಳಿಗೆ ಓಡುತ್ತಾರೆ. ಯೋಗಾನಂದ ಇಷ್ಟು ವರ್ಷ ಬೆಂಗಳೂರಿನ ಗಾಳಿಯನ್ನೇ ಒತ್ತಿ ತುಂಬಿ ಕರಾವಳಿಗೆ ಹೊತ್ತರು.

ನಸುಕಿನಲ್ಲೇ ತುಂಬುವುದಕ್ಕೆ ಕಾರಣವಿದೆ. ಹೊತ್ತೇರಿದರೆ ಕಾರ್ಡ್ ರೋಡಿನ ಹೊಗೆಯೆಲ್ಲ ಕಂಪ್ರೆಸರಿನ ಮೂಗಿಗೆ ಬರುತ್ತದೆ. ಹೊಗೆಯದು ಹೇಗೋ ಇರಲಿ, ಹಿಂದೊಮ್ಮೆ ಪಕ್ಕದ ಮನೆಯವರು ಚಿತ್ರಾನ್ನಕ್ಕೆ ಒಗ್ಗರಣೆ ಕೊಡುವ ಹೊತ್ತಿಗೆ ಸರಿಯಾಗಿ ತುಂಬಿದ ಒಂದು ಸಿಲಿಂಡರ್ ಕಡಲಿಗೆ ಹೋಯಿತು. ಅದನ್ನು ಕಟ್ಟಿಕೊಂಡು ಇಳಿದಿದ್ದ ಹುಡುಗ ಮೇಲೆ ಬಂದು ಮೊದಲು ಹೇಳಿದ್ದು ಮೀನಿನ ಸುದ್ದಿಯನ್ನಲ್ಲ.

“ಕೆಳಗೆ ಪೂರ್ತಿ ಸಾಸಿವೆ ವಾಸ್ನೆ ಅಣ್ಣ ಅಂದ,” ಎಂದು ಯೋಗಾನಂದ ನೆನಪಿಸಿಕೊಳ್ಳುತ್ತಾರೆ. “ಅವತ್ತೇ ಗಾಳಿ ಎಳ್ಕೊಳೋ ಪೈಪನ್ನ ಶೀಟ್ ಮೇಲಕ್ಕೆ ಎತ್ತಿಸ್ದೆ. ಆಚೆ ಶೆಡ್ಡವ್ರಿಗೂ ಹೇಳಿಟ್ಟಿದೀನಿ, ನಾನು ಮಿಷನ್ ಆಫ್ ಮಾಡೋ ತನಕ ಊದಿನಕಡ್ಡಿ ಹಚ್ಬೇಡಿ ಅಂತ. ದೇವ್ರು ಅರ್ಧ ಗಂಟೆ ಕಾಯ್ತಾನೆ, ಏನೂ ಅಂದ್ಕೊಳಲ್ಲ.”

ಈ ದಿನ ತುಂಬಿದ ಸಿಲಿಂಡರ್‌ಗಳು ಮಾತ್ರ ಕಡಲು ನೋಡುವುದಿಲ್ಲ. ಅವು ಬಸವೇಶ್ವರನಗರದ ಒಂದು ಈಜುಕೊಳದ ತಳಕ್ಕೆ ಹೋಗಿ, ಕ್ಲೋರಿನ್ ನೀರಿನಲ್ಲಿ ಗುಳ್ಳೆ ಬಿಟ್ಟು ಸಂಜೆಗೆ ವಾಪಸು ಬರುತ್ತವೆ. ಕಳೆದ ಚಳಿಗಾಲದಿಂದಲೂ ಹೀಗೇ. ಕರಾವಳಿಯಲ್ಲಿ ಅವರು ಕಡಲಿಗಿಳಿಯುತ್ತಿದ್ದ ಕಾಲುದಾರಿಗೆ ಬೀಗ ಬಿದ್ದಿದೆ. ಈ ಸೀಸನ್ನಿಗೆ ಅದು ತೆರೆಯದಿದ್ದರೆ ಕಂಪ್ರೆಸರ್ ಮಾರಿಬಿಡುವುದೆಂದು ಶೆಡ್ಡಿನ ಮಾಲೀಕರು ತೀರ್ಮಾನಿಸಿದ್ದಾರೆ. ಬರೀ ಈಜುಕೊಳದ ಕೆಲಸಕ್ಕಾಗಿ ಅಂಥ ಯಂತ್ರವನ್ನು ಯಾರು ಸಾಕುತ್ತಾರೆ? ಕಂಪ್ರೆಸರ್ ಹೋದರೆ ಅದನ್ನು ನಡೆಸುವವರೂ ಹೋದಂತೆಯೇ. ಇದನ್ನು ಯೋಗಾನಂದರಿಗೆ ಯಾರೂ ಬಿಡಿಸಿ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ.

ಯೋಗಾನಂದ ಸಾಣೇಗುರುವನಹಳ್ಳಿಯವರು. ಅದು ಹಳ್ಳಿಯಾಗಿದ್ದ ಕಾಲಕ್ಕೆ ಅವರ ಮನೆಯವರಿಗೆ ಅಲ್ಲೇ ರಾಗಿ ಹೊಲವಿತ್ತು. ಬಡಾವಣೆ ಬಂತು, ಹೊಲ ಹೋಯಿತು. ತಾಯಿ ಮುನಿತಾಯಮ್ಮನವರಿಗೆ ಹೊಲಕ್ಕಿಂತ ಹೊಲದ ದಾರಿಯ ಮೇಲೆಯೇ ಹೆಚ್ಚು ಸಿಟ್ಟು. ದುಡ್ಡು ಕೊಟ್ಟು ಹೊಲ ತಗೊಂಡರು, ದಾರಿಯನ್ನು ಕೇಳದೆಯೇ ತಗೊಂಡರು ಎಂಬುದು ಅವರ ವಾದ. “ನಾನು ಬುತ್ತಿ ಹೊತ್ಕೊಂಡು ಹೋಯ್ತಿದ್ದ ದಾರೀಲಿ ಈಗ ಹಲ್ಲು ಕೀಳ್ತಾರೆ ಕಣಪ್ಪ,” ಎಂದು ಬಂದವರಿಗೆಲ್ಲ ಕಿಟಕಿಯಿಂದ ಡೆಂಟಲ್ ಕ್ಲಿನಿಕ್ಕಿನ ಬೋರ್ಡ್ ತೋರಿಸುತ್ತಾರೆ.

ಮಗ ಐಟಿಐ ಮಾಡಿ ಫಿಟ್ಟರ್ ಆದರು. ಸೇರಿದ್ದ ಪಂಪು ತಯಾರಿಸುವ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಈ ಶೆಡ್ಡಿಗೆ ಬಂದರು. ಹಗಲು ವೆಲ್ಡಿಂಗು, ಗ್ರಿಲ್ಲು, ಗೇಟು, ಶೀಟಿನ ಮನೆಗೆ ಕಂಬ. ಬೆಂಕಿ ಆರಿಸುವವರ ಉಸಿರಾಟದ ಸಿಲಿಂಡರ್ ತುಂಬುವುದು ಆಗಿನ ಉಪಕಸುಬು, ಈಗ ಅದು ನಿಂತಿದೆ. ಹೀಗಿರುವಾಗ ಒಂದು ದಿನ ಬಿಂದುಶ್ರೀ ಎಂಬ ಯುವತಿ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಹಳದಿ ಸಿಲಿಂಡರ್ ನಿಲ್ಲಿಸಿಕೊಂಡು ಬಂದರು. ಬಸವೇಶ್ವರನಗರದ ಬಾಡಿಗೆ ಮನೆಯೊಂದರಿಂದ ಡೈವಿಂಗ್ ತರಗತಿ ನಡೆಸುವವರು. ಅಡುಗೆಮನೆಯಲ್ಲಿ ರಬ್ಬರ್ ಸೂಟುಗಳು ಒಣಗುತ್ತವೆ ಎಂದು ಓನರ್ ಆಂಟಿಯ ಹತ್ತಿರ ದಿನಾ ಬೈಸಿಕೊಳ್ಳುವವರು. ಸಮುದ್ರವಿಲ್ಲದ ಊರಿನಲ್ಲಿ ಸಮುದ್ರಕ್ಕಿಳಿಯುವುದನ್ನು ಕಲಿಸುತ್ತೇನೆ ಎಂದಾಗ ಶೆಡ್ಡಿನವರು ನಕ್ಕರಂತೆ. ಯೋಗಾನಂದ ನಗದೆ ಸಿಲಿಂಡರ್ ಇಳಿಸಿಕೊಂಡರು.

ಅಲ್ಲಿಂದ ಪ್ರತಿ ಸೀಸನ್ನಿನಲ್ಲೂ ಒಂದೇ ಪದ್ಧತಿ. ಕೊಳದಲ್ಲಿ ಕಲಿತವರನ್ನು ಬಿಂದುಶ್ರೀ ಕರಾವಳಿಯ ಒಂದು ಸಣ್ಣ ಕೊಲ್ಲಿಗೆ ಕರೆದೊಯ್ಯುತ್ತಿದ್ದರು. ಸಿಲಿಂಡರ್‌ಗಳ ಜೊತೆ ಟೆಂಪೋದಲ್ಲಿ ಯೋಗಾನಂದ. ರಸ್ತೆ ಮುಗಿದಲ್ಲಿಂದ ಮರಳಿನವರೆಗೆ ಗಾಳಿಮರಗಳ ನಡುವೆ ಒಂದು ಕಾಲುದಾರಿ. ಹೆಗಲ ಮೇಲೊಂದು, ಕೈಯಲ್ಲೊಂದು ಸಿಲಿಂಡರ್ ಹಿಡಿದು ಅವರು ಓಡಾಡಬೇಕು. ಕಡಲ ಅಂಚಿನಲ್ಲಿ ಮೀನುಗಾರರ ದೋಣಿ ಕಾಯುತ್ತಿರುತ್ತದೆ. ಯೋಗಾನಂದ ಒಮ್ಮೆಯೂ ಕೆಳಗಿಳಿದು ನೋಡಲಿಲ್ಲವೇ? ಕೊಳದಲ್ಲಿ ಒಂದು ಸಲ ಇಳಿದರಂತೆ, ಕಿವಿ ನೋವಾಯಿತಂತೆ, ಸಾಕಾಯಿತಂತೆ. ಮೀನನ್ನು ಅದರ ಮನೆಗೇ ಹೋಗಿ ನೋಡುವ ಆಸೆ ಅವರಿಗಿಲ್ಲ.

ಕಾಲುದಾರಿಯ ಒಂದು ಮಗ್ಗುಲಿಗೆ ರೆಸಾರ್ಟ್ ಎದ್ದಿತು. ಕಡಲ ತೀರ ಯಾರಪ್ಪನ ಸ್ವತ್ತೂ ಅಲ್ಲವೆಂದು ಎಲ್ಲರೂ ಒಪ್ಪುತ್ತಾರೆ. ತೀರ ಮುಟ್ಟುವ ದಾರಿಯ ಮಾತು ಬಂದಾಗ ಒಬ್ಬೊಬ್ಬರೂ ಒಂದೊಂದು ನಕ್ಷೆ ತೆಗೆಯುತ್ತಾರೆ. ಆದರೆ ಮೊದಮೊದಲು ಅಲ್ಲಿ ನಕ್ಷೆಯ ಮಾತೇ ಇರಲಿಲ್ಲ, ಸ್ನೇಹವಿತ್ತು. ಮ್ಯಾನೇಜರ್ ಗಿರಿರಾಜ್ ವಿಜಯನಗರದವರು. ಅಷ್ಟು ದೂರದ ಊರಿನಲ್ಲಿ ಬೆಂಗಳೂರಿನ ಪಶ್ಚಿಮ ಭಾಗದ ಇಬ್ಬರು ಸಿಕ್ಕರೆ ಏನಾಗಬೇಕೋ ಅದೇ ಆಯಿತು. ಯಾವ ಕ್ರಾಸು, ಯಾವ ಸ್ಕೂಲು, ಮಾರುತಿ ಮಂದಿರದ ಹತ್ತಿರ ಮೊದಲಿದ್ದ ಆ ಹೋಟೆಲು ಯಾಕೆ ಮುಚ್ಚಿತು ಎಂದೆಲ್ಲ ಮಾತಾಗಿ, ಕೊನೆಗೆ ‘ನಮ್ಮ ಏರಿಯಾದವರು’ ಎಂದು ಯೋಗಾನಂದರಿಗೆ ರೆಸಾರ್ಟಿನ ಅಡುಗೆಮನೆಯಿಂದಲೇ ಕಾಫಿ ಬರತೊಡಗಿತು.

ಒಂದು ದಿನ ಗಿರಿರಾಜ್ ತಮ್ಮ ಕಷ್ಟ ತೋಡಿಕೊಂಡರು. ಕಾಲುದಾರಿಯಿಂದ ಊರ ದನಗಳು ನುಗ್ಗಿ ಹುಲ್ಲುಹಾಸು ಮೇಯುತ್ತವೆ, ಗೆಸ್ಟುಗಳು ದನದ ಜೊತೆ ಫೋಟೋ ಬೇಡ ಅನ್ನುತ್ತಾರೆ, ಏನು ಮಾಡೋದು ಯೋಗಾನಂದ್ ಎಂದರು. ಏನಾದರೊಂದು ತೂತು ಕಂಡರೆ ಅದಕ್ಕೆ ಗೇಟಿನ ಅಳತೆ ತೆಗೆಯುವುದು ಗ್ರಿಲ್ ಕೆಲಸದವರ ಜಾಯಮಾನ. ಯೋಗಾನಂದ ಗೇಣು ಹಾಕಿ ಅಳೆದರು. ಮುಂದಿನ ಪ್ರಯಾಣದಲ್ಲಿ ಸಿಲಿಂಡರ್‌ಗಳ ಮೇಲೆ ಮಲಗಿಕೊಂಡು ಒಂದು ಗೇಟೂ ಹೋಯಿತು. ಶೆಡ್ಡಿನಲ್ಲಿ ಉಳಿದಿದ್ದ ಪೈಪುಗಳಿಂದ ಮಾಡಿದ್ದು. ಅಗುಳಿಯನ್ನು ಮೊಣಕಾಲಿನ ಎತ್ತರಕ್ಕೆ ಇಟ್ಟಿದ್ದರು. ಎರಡೂ ಕೈಯಲ್ಲಿ ಭಾರವಿದ್ದವರು ಮೊಣಕಾಲಿನಿಂದ ತಳ್ಳಿದರೆ ತೆರೆಯುತ್ತದೆ, ದಾಟಿದ ಮೇಲೆ ತನ್ನ ಭಾರಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ದನಕ್ಕೆ ಈ ಉಪಾಯ ಹೊಳೆಯಲಿಲ್ಲ. ಎಲ್ಲರೂ ಮೆಚ್ಚಿದರು. ಗಿರಿರಾಜ್ ದುಡ್ಡು ಕೊಡಬಂದರೆ ಯೋಗಾನಂದ ತಗೊಳ್ಳಲಿಲ್ಲ. ನಮ್ಮ ಏರಿಯಾದವರ ಹತ್ತಿರ ಹೇಗೆ ತಗೊಳ್ಳುವುದು?

ಅಗುಳಿ ಇದ್ದಲ್ಲಿಗೆ ಬೀಗ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. ರೆಸಾರ್ಟಿನಲ್ಲಿ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವವರ ಹಾವಳಿ ಶುರುವಾಯಿತು. ವಧುವಿನ ಸೆರಗು ಗಾಳಿಗೆ ಹಾರುತ್ತಿರುವಾಗ ಹಿಂದಿನಿಂದ ಕಪ್ಪು ರಬ್ಬರ್ ಸೂಟಿನ ನಾಲ್ವರು ಸಿಲಿಂಡರ್ ಹೊತ್ತು ಯಮದೂತರ ಹಾಗೆ ಹಾದುಹೋದರೆ ಯಾವ ಬೀಗರು ಸಹಿಸುತ್ತಾರೆ? ಕಳೆದ ನವೆಂಬರಿನಲ್ಲಿ ಟೆಂಪೋ ಹೋಗಿ ನಿಂತಾಗ ಗೇಟಿಗೆ ಸರಪಳಿ ಸುತ್ತಿತ್ತು. ‘ಖಾಸಗಿ ದಾರಿ’ ಎಂಬ ಹೊಸ ಬೋರ್ಡು ತೂಗುತ್ತಿತ್ತು. ಗಿರಿರಾಜ್ ಫೋನಿನಲ್ಲಿ ಮೇಲಿನವರ ಆರ್ಡರ್ ಎಂದರು. ದನಿಯಲ್ಲಿ ನಿಜವಾದ ಬೇಸರವಿತ್ತು ಎಂದು ಯೋಗಾನಂದ ಈಗಲೂ ನಂಬುತ್ತಾರೆ.

ಅವತ್ತು ಬಂಡೆಗಳ ಮೇಲಿನಿಂದ ಸುತ್ತಿ ಹೋದರು. ಪಾಚಿಗಟ್ಟಿದ ಬಂಡೆ, ಏರುತ್ತಿದ್ದ ನೀರು. ಯೋಗಾನಂದ ಜಾರಿದರು. ಹೆಗಲ ಸಿಲಿಂಡರ್ ಬೀಳದಂತೆ ತಬ್ಬಿಕೊಂಡದ್ದರಿಂದ ಮೊಣಕಾಲು ಬಂಡೆಗೆ ಬಡಿಯಿತು. ಈಗ ಅವರು ಮೆಟ್ಟಿಲನ್ನು ಒಂದೊಂದಾಗಿ, ಬಲಗಾಲು ಮುಂದಿಟ್ಟೇ ಇಳಿಯುತ್ತಾರೆ. ಕಲಿಯಲು ಬಂದಿದ್ದವರಲ್ಲಿ ಅರ್ಧದಷ್ಟು ಜನ ಅವತ್ತೇ ದುಡ್ಡು ವಾಪಸು ಕೇಳಿದರು.

ಬಿಂದುಶ್ರೀ ಅರ್ಜಿ ಬರೆದರು, ಕಚೇರಿಗಳಿಗೆ ಅಲೆದರು. ಕಡೆಗೆ ಮಳೆಗಾಲದ ಬಿಡುವಿನಲ್ಲಿ ತಾಲ್ಲೂಕು ಕಚೇರಿಯಿಂದ ಒಬ್ಬ ಅಧಿಕಾರಿ ಸ್ಥಳ ನೋಡಲು ಬಂದರು. ಯೋಗಾನಂದರೂ ಹೋದರು, ಈ ದಾರಿಯಲ್ಲಿ ಇಷ್ಟು ವರ್ಷ ಓಡಾಡಿದ್ದೇನೆ ಎಂದು ಹೇಳುವ ಸಾಕ್ಷಿಯಾಗಿ. ಅಧಿಕಾರಿ ಛತ್ರಿ ಹಿಡಿದುಕೊಂಡು ದಾರಿಯ ಉದ್ದಕ್ಕೂ ನಡೆದರು, ತಲೆಯಾಡಿಸಿದರು. ಬಿಂದುಶ್ರೀಗೆ ಇನ್ನೇನು ಕೆಲಸವಾಯಿತು ಅನ್ನಿಸಿತು. ಆಗ ಅಧಿಕಾರಿ ಗೇಟಿನ ಮುಂದೆ ನಿಂತು, ಇದನ್ನು ಯಾರು ಹಾಕಿದ್ದು ಎಂದು ಕೇಳಿದರು.

ಬಿಂದುಶ್ರೀ ಸಮುದ್ರದ ಕಡೆ ನೋಡಿದರು. ರೆಸಾರ್ಟಿನ ಪರವಾಗಿ ಬಂದಿದ್ದ ಗಿರಿರಾಜ್ ಮೃದುವಾಗಿ, “ಹೇಳಿ ಯೋಗಾನಂದ್, ಅದ್ರಲ್ಲೇನಿದೆ,” ಎಂದರು.

“ನಾನೇ ಸಾರ್,” ಎಂದರು ಯೋಗಾನಂದ. “ದನ ಬರ್ತಾವೆ ಅಂದ್ರು. ಮಾಡ್ಕೊಟ್ಟೆ.”

ಅಧಿಕಾರಿ ಛತ್ರಿ ಮಡಚಿದರು. “ಅಲ್ರೀ, ದಾರಿ ನಮ್ದೂ ಅಂತೀರಿ, ಅದಕ್ಕೆ ಗೇಟೂ ನಾವೇ ಹಾಕಿದ್ದು ಅಂತೀರಿ. ಯಾರಾದ್ರೂ ಸಾರ್ವಜನಿಕ ರಸ್ತೆಗೆ ಗೇಟ್ ಹಾಕ್ಕೊಡ್ತಾರಾ? ನಾನು ಏನಂತ ಬರೀಲಿ?”

ಉಭಯತ್ರರ ಒಪ್ಪಿಗೆಯಿಂದಲೇ ಗೇಟು ಹಾಕಿದಂತೆ ಕಾಣುತ್ತದೆ, ತಕರಾರಿದ್ದರೆ ಸಿವಿಲ್ ಕೋರ್ಟಿಗೆ ಹೋಗಬಹುದು ಎಂದು ಅವರು ಬರೆದರು. ಕೋರ್ಟಿಗೆ ಹೋಗುವಷ್ಟು ಆಯುಸ್ಸು ಡೈವಿಂಗ್ ತರಗತಿಗಳಿಗೆ ಇರುವುದಿಲ್ಲ. ವಾಪಸು ಬರುವಾಗ ಟೆಂಪೋದಲ್ಲಿ ಬಿಂದುಶ್ರೀ ಬೈಯಲಿಲ್ಲ. ಅರಸೀಕೆರೆ ದಾಟಿದ ಮೇಲೆ, “ಗೊತ್ತಿಲ್ಲ ಅಂದಿದ್ರೆ ಆಗ್ತಿತ್ತು ಯೋಗಣ್ಣ,” ಎಂದರು, ಅಷ್ಟೇ.

“ಹೆಂಗನ್ನೋದು ಮೇಡಂ,” ಎಂದರಂತೆ ಇವರು. “ನನ್ ವೆಲ್ಡಿಂಗು ನಂಗೇ ಗೊತ್ತಿಲ್ಲ ಅನ್ಲಾ?”

ಶೆಡ್ಡುಗಳ ಸಾಲಿನಲ್ಲಿ ಸುದ್ದಿ ಹರಡಿದೆ. ನಮ್ಮನೆಗೂ ಒಂದು ಗೇಟು ಮಾಡಿಕೊಡಿ ಯೋಗಣ್ಣ, ನಾನೇ ಒಳಗೆ ಹೋಗೋಕಾಗಬಾರದು ಹಂಗೆ, ಎಂದು ಲೇತ್ ಶೆಡ್ಡಿನ ಹುಡುಗರು ಟೀ ಹೊತ್ತಿನಲ್ಲಿ ಕಿಚಾಯಿಸುತ್ತಾರೆ. ಯೋಗಾನಂದ ನಗುತ್ತಾರೆ. ಮನೆಯಲ್ಲಿ ಮುನಿತಾಯಮ್ಮನವರು ನಗುವುದಿಲ್ಲ. ಹೊಲದ ದಾರಿ ಕಳಕೊಂಡವಳ ಹೊಟ್ಟೆಯಲ್ಲಿ ಹುಟ್ಟಿದವನು ಇನ್ನೊಬ್ಬರ ದಾರಿಗೆ ಹೋಗಿ ಬಾಗಿಲು ಕೂರಿಸಿದನಲ್ಲ ಎಂದು ವಾರವೆಲ್ಲ ಅಂದರು. ಈಗ ಅದನ್ನೂ ಬಿಟ್ಟಿದ್ದಾರೆ. ಅವರು ಸುಮ್ಮನಿರುವುದೇ ಮಗನಿಗೆ ಹೆಚ್ಚು ಕಷ್ಟ.

ಸೀಸನ್ ಇನ್ನೇನು ಶುರುವಾಗಲಿದೆ. ಈ ಸಲದ ತಂಡವನ್ನು ಬಿಂದುಶ್ರೀ ದೂರದ ದ್ವೀಪಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ಜೆಟ್ಟಿಯಿದೆ, ಅಲ್ಲಿನವರದೇ ದೋಣಿಯಿದೆ, ಕಂಪ್ರೆಸರೂ ಇದೆ. ರಾಜಾಜಿನಗರದ ಗಾಳಿ ಅಲ್ಲಿಗೆ ಬೇಕಿಲ್ಲ. ಕಂಪ್ರೆಸರ್ ನೋಡಲು ಇಬ್ಬರು ಬಂದು ಹೋಗಿದ್ದಾರೆ. ಅವರೆದುರು ಯಂತ್ರ ಚಾಲೂ ಮಾಡಿ ತೋರಿಸಿದವರೂ ಯೋಗಾನಂದರೇ. ಗ್ರಿಲ್ಲಿನ ಕೆಲಸವಾದರೂ ಇದೆಯಲ್ಲ ಎಂದು ಮಾಲೀಕರು ಹೇಳಿದರಂತೆ. ನೆಲಕ್ಕೆ ಕೂತು ಮಾಡುವ ಕೆಲಸ ಅದು, ಈ ಮೊಣಕಾಲು ಮಡಚುವುದಿಲ್ಲ.

ಸಿಲಿಂಡರ್‌ಗಳನ್ನು ಒರೆಸಿ, ವಾಲ್ವಿನ ಬಾಯಿಗೆ ಟೇಪು ಸುತ್ತಿ ಯೋಗಾನಂದ ಶಟರ್ ಎಳೆಯುತ್ತಾರೆ. ಆಚೆ ಶೆಡ್ಡಿನಲ್ಲಿ ಊದಿನಕಡ್ಡಿ ಹೊತ್ತಿಕೊಳ್ಳುತ್ತದೆ. ಮನೆಗೆ ಬಂದು ಉಪ್ಪಿಟ್ಟಿನ ಮುಂದೆ ಕೂತಾಗ, ಈಗ ಏನಾದರೆ ನಿಮಗೆ ಸಮಾಧಾನ ಎಂದು ಕೇಳಿದರೆ ಅವರು ಹೇಳುವುದು ಗೇಟಿನ ಮಾತು, ದಾರಿಯದಲ್ಲ. ದಾರಿ ತೆರೆಯಲಿ ಎಂದು ಕೇಳುವ ಹಕ್ಕು ತನಗಿಲ್ಲ ಎಂಬ ಭಾವ ಅವರಲ್ಲಿ ಗಟ್ಟಿಯಾಗಿದೆ. ಬೀಗ ರೆಸಾರ್ಟಿನವರದ್ದು, ಸರಪಳಿ ಅವರದ್ದು, ಬೋರ್ಡೂ ಅವರದ್ದು, ಅವರು ಬೇಕಾದರೆ ತಮ್ಮದೇ ದುಡ್ಡಿನಲ್ಲಿ ಬೇರೆ ಗೇಟು ಹಾಕಿಕೊಳ್ಳಲಿ ಎನ್ನುತ್ತಾರೆ.

“ಆ ಗೇಟಿಗೆ ನಾನು ಒಂದ್ ಪೈಸೆ ಇಸ್ಕೊಂಡಿಲ್ಲ ಸಾರ್. ಅಂದ್ಮೇಲೆ ಅದು ನಂದೇ ಅಲ್ವಾ? ನಂಗೆ ವಾಪಸ್ ಕೊಟ್ಬಿಡ್ಲಿ. ಟೆಂಪೋ ಬಾಡಿಗೆ ನಾನೇ ಕೊಟ್ಕೊಂಡು ಬಿಚ್ಕೊಂಡ್ ಬರ್ತೀನಿ.”

ಒಳಗೆ ಹುರುಳಿ ಕೇರುತ್ತಿದ್ದ ಮುನಿತಾಯಮ್ಮನವರ ಮೊರ ನಿಲ್ಲುತ್ತದೆ. ವಾರಗಳ ಮೇಲೆ ಅವರು ಗೇಟಿನ ಮಾತೆತ್ತುತ್ತಾರೆ.

“ತಂದು ಎಲ್ಲಿಗ್ ಹಾಕೀಯೋ ಅದ್ನ? ನಿಲ್ಲೋಕೆ ಜಾಗ ಇಲ್ಲ ಇಲ್ಲಿ.”

“ಎಲ್ಲಿಗೂ ಬ್ಯಾಡ ಕಣಮ್ಮ,” ಎನ್ನುತ್ತಾರೆ ಯೋಗಾನಂದ. “ಅಲ್ಲಿ ಇರ್ಬಾರ್ದು, ಅಷ್ಟೇ.”